ಬಾಕಿ ಹಲ್ಲುಗಳು

ಅಕ್ಟೋಬರಿನ ಕೊನೆಯ ಗುರುವಾರ ಶೈನಿ ಟೀಚರ್ ಕೇಳಿದರು,
ಮನೆಯಿಂದ ಒಂದು ಹಿಡಿಸೂಡಿ ತರ್ತೀರಾ,
ಹಳೆಯದಾದರೆ ಒಳ್ಳೆಯದು.
ತಂದುಕೊಟ್ಟೆ. ಬುಡಕ್ಕೆ ನೈಲಾನ್ ಹಗ್ಗ ಕಟ್ಟಿದ್ದು,
ಅಂಗಳ ಗುಡಿಸಿ ಗುಡಿಸಿ ಒಂದು ಮಗ್ಗುಲು ಸವೆದದ್ದು.

ಉಪ್ಪಳದ ಹೈವೇ ಬದಿಯ ನಮ್ಮ ಶಾಲೆಗೆ ಈ ಹಬ್ಬ ಹೊಸತು.
ಹೆಸರು ನನ್ನ ಬಾಯಲ್ಲಿ ನಿಲ್ಲುವುದಿಲ್ಲ,
ಹಾಲನ್ನೂ ವೀಣೆಯನ್ನೂ ಸೇರಿಸಿದ ಹಾಗೆ ಏನೋ.
ಸಿಹಿಗುಂಬಳಕ್ಕೆ ಕಣ್ಣು ಕೊರೆದರು, ಒಳಗಿನ ತಿರುಳು
ಮಧ್ಯಾಹ್ನದ ಸಾಂಬಾರಿಗೆ ಹೋಯಿತು.
ಅಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ.

ಆಮೇಲೆ ಚಾರ್ಟ್ ಪೇಪರಿನಲ್ಲಿ ಒಬ್ಬಳು ಮುದುಕಿ.
ಗೂನು ಬೆನ್ನು, ಗಿಳಿಯ ಮೂಗು,
ಗಲ್ಲದ ನರೂಲಿಗೆ ನನ್ನ ಹಣೆಯ ಸ್ಟಿಕ್ಕರನ್ನೇ ಕೇಳಿದರು,
ಕಿತ್ತು ಕೊಟ್ಟೆ.
ಬಾಯಿಗೆ ಕಪ್ಪು ಕಾಗದ. ಅದರೊಳಗೆ ಒಂದೇ ಹಲ್ಲು.

ಸ್ಟೂಲು ಹತ್ತಿ ಟೇಪು ಹಚ್ಚುವವಳು ನಾನು.
ಅವಳ ಮೂಗಿಗೂ ನನ್ನ ಮೂಗಿಗೂ ಒಂದು ಗೇಣು.
ಕೈ ನಿಂತಿತು.

ಕೊರಪೊಳು ದೊಡ್ಡಮ್ಮ.

ಒಂದೇ ಅಂತ ಟೀಚರಿಗೆ ಹೇಗೆ ಗೊತ್ತು?
ಪೈವಳಿಕೆಯ ಆಚೆ, ಗುಡ್ಡದ ಬುಡ. ನಾನು ಆಗ ಎರಡನೇ ಕ್ಲಾಸು.
ದೊಡ್ಡಮ್ಮನಿಗೆ ಕಾಮಾಲೆಯ ನೆಲನೆಲ್ಲಿ ಗೊತ್ತಿತ್ತು,
ಅಡ್ಡ ಮಲಗಿದ ಕೂಸನ್ನು ಎಣ್ಣೆಗೈಯಲ್ಲಿ ನೀವಿ
ಹೊಟ್ಟೆಯೊಳಗೇ ತಿರುಗಿಸುವುದು ಗೊತ್ತಿತ್ತು.
ಆ ಊರಿನ ಅರ್ಧ ಗಂಡಸರು ಮೊದಲು ಅತ್ತದ್ದು
ಅವಳ ಅಂಗೈಯಲ್ಲಿ.
ಬೆನ್ನು ಬಾಗಿದ್ದು ಸೊಪ್ಪಿನ ಹೊರೆಗೆ, ಇನ್ನೊಬ್ಬರ ಹಟ್ಟಿಗೆಂದು ಹೊತ್ತದ್ದಕ್ಕೆ.
ಒಂದು ವರ್ಷ ಅದೇ ಹಟ್ಟಿಯಲ್ಲಿ ಮೂರು ಹಸು ಸತ್ತವು.
ಮಾಟ, ಅಂದರು.
ಹಲ್ಲಿದ್ದರೆ ತಾನೆ ಮಂತ್ರ ನೆಟ್ಟಗೆ ಹೊರಡುವುದು, ಅಂದರು.
ಇಕ್ಕಳ ಸೈಕಲ್ ಅಂಗಡಿಯದು.
ಹಿಡಿದುಕೊಂಡವರ ಹೆಸರು ಗೊತ್ತಿದೆ, ಇಲ್ಲಿ ಬೇಡ,
ಅವರ ಮೊಮ್ಮಕ್ಕಳು ನಮ್ಮ ಶಾಲೆಯ ಬಸ್ಸಿಗೆ ಬರುತ್ತಾರೆ,
ನಾನೇ ಕೈಹಿಡಿದು ಇಳಿಸುತ್ತೇನೆ.

ಒಂದು ಯಾಕೆ ಉಳಿಯಿತೋ. ದಣಿದಿರಬೇಕು.

ಆಮೇಲೆ ಅವಳು ನನ್ನ ಹೆಸರನ್ನೂ ಸರಿಯಾಗಿ ಕರೆಯಲಿಲ್ಲ.
ಸಂಜೀವಿ ಅನ್ನಲು ಹೋದರೆ
ಗಾಳಿ ಮಾತ್ರ ಬರುತ್ತಿತ್ತು.
ವೀಳ್ಯವನ್ನು ಅಮ್ಮ ಕಲ್ಲಿನಲ್ಲಿ ಕುಟ್ಟಿ ಕೊಡುತ್ತಿದ್ದಳು.

ಇದನ್ನೆಲ್ಲ ಟೀಚರಿಗೆ ಯಾವ ಭಾಷೆಯಲ್ಲಿ ಹೇಳಲಿ?
ಇರಿಟ್ಟಿ ಕಡೆಯ ಒಳ್ಳೆಯ ಹುಡುಗಿ,
ನನ್ನ ಮಗಳಿಗೆ ಲೆಕ್ಕ ಹೇಳಿಕೊಡುತ್ತಾಳೆ, ದುಡ್ಡು ಮುಟ್ಟುವುದಿಲ್ಲ.
ಚಿತ್ರ ಫೋನು ನೋಡಿ ಬರೆದದ್ದು,
ಎಲ್ಲಿಯದೋ ಊರು, ಎಲ್ಲಿಯದೋ ಮುದುಕಿ.
ಅಂದರೆ
ಅಲ್ಲಿಯೂ ಇಕ್ಕಳ ಇತ್ತೇನೋ.
ಅಲ್ಲಿಯೂ ಅವಳ ಬಳಿ ಮದ್ದಿಗೆ ಹೋದವರು
ಹಗಲಾದ ಮೇಲೆ ಗುರುತು ಹಿಡಿಯಲಿಲ್ಲವೇನೋ,
ವರ್ಷಕ್ಕೊಮ್ಮೆ ಬಾಗಿಲಿಗೆ ತೂಗಹಾಕಿ ನಗುತ್ತಾರೇನೋ
ಯಾರೆಂದು ಮರೆತು.

ಯುಕೆಜಿಯ ಆಯಿಷತ್ ಫಿದಾ ಕೆಳಗೆ ನಿಂತು
ಬಾಯಿ ಬಿಟ್ಟು ನೋಡುತ್ತಿದ್ದಳು. ಅವಳಿಗೂ ಮುಂದಿನವು ಎರಡಿಲ್ಲ.
ಆಯಾ, ಇವರದ್ದು ಯಾವಾಗ ಬರ್ತದೆ?

ಸಂಜೆ ಬೀಗ ಹಾಕುವ ಮೊದಲು ಸ್ಟೂಲು ಎಳೆದೆ.
ಸೀಮೆಸುಣ್ಣ ಕಪ್ಪು ಕಾಗದಕ್ಕೆ ಚೆನ್ನಾಗಿ ಹಿಡಿಯುತ್ತದೆ.
ಮೇಲೆ ಹದಿನಾಲ್ಕು. ಕೆಳಗೆ ಹನ್ನೊಂದಕ್ಕೇ ಜಾಗ ಮುಗಿಯಿತು,
ಮತ್ತೆರಡು ತುಟಿಯ ಹೊರಗೆ ಹೋದವು.
ನಿಜ ಹೇಳಬೇಕೆಂದರೆ
ಮೊದಲಿಗಿಂತ ಹೆಚ್ಚು ಹೆದರಿಕೆಯಾಗುವ ಹಾಗೆ ಕಂಡಳು.
ಇರಲಿ.

ಹಿಡಿಸೂಡಿ ಬಿಚ್ಚಿಕೊಂಡೆ. ನೆಲದ ತುಂಬ ಮಿನುಗುಪುಡಿ,
ಯಾರಾದರೂ ಗುಡಿಸಬೇಕಲ್ಲ.
ಗುಡಿಸುತ್ತ ಒಮ್ಮೆ, ವರಾಂಡದಲ್ಲಿ ಯಾರೂ ಇಲ್ಲವೆಂದು ನೋಡಿ,
ನನ್ನ ಹೆಸರನ್ನು ಗಟ್ಟಿಯಾಗಿ ಹೇಳಿದೆ,
ಸಕಾರ ಹಲ್ಲಿಗೆ ತಾಗುವ ಹಾಗೆ.